ನೆರಳೂಟ

ಕುವಾನಾ ಬಂದರು
ಟೆನ್‌ಮೇ ಮೂರನೇ ವರ್ಷ, ಆರನೇ ತಿಂಗಳು, ಹತ್ತನೇ ದಿನ

ಸುಯೆಗೆ ಮಾಗೊಜಿ ಬರೆಯುವುದು.

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಬದುಕಿದ್ದೇನೆ. ಗುಡಿಯ ಗ್ಯೋಕಾನ್ ಸ್ವಾಮಿಗಳು ನಿನಗೆ ಓದಿ ಹೇಳಲು ಈ ಕಾಗದ ಬಿಚ್ಚುವ ಮೊದಲೇ ನೀನು ಕಣ್ಣಿಗೆ ತೋಳು ಒತ್ತಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಕಾಲು ಮುರಿದಿದೆ, ಅಷ್ಟೇ. ಇಸೆಯಲ್ಲಿ ದೇವಿಯ ದರ್ಶನ ಮುಗಿಸಿ ವಾಪಸು ಬರುವಾಗ ಇಲ್ಲಿನ ದೋಣಿಯ ಹಲಗೆ ಒದ್ದೆಯಾಗಿತ್ತು. ಹದಿನೈದು ವರ್ಷ ಬೆಟ್ಟದ ದಾರಿಯಲ್ಲಿ ಕುದುರೆ ಹೊಡೆದವನು ಸಪಾಟು ಹಲಗೆಯ ಮೇಲೆ ಜಾರಿ ಬಿದ್ದೆ. ಮೂಳೆ ಕೂರಿಸುವವನು ಚಳಿಗಾಲಕ್ಕೆ ಮೊದಲು ದೂರದ ದಾರಿ ನಡೆಯಬೇಡ ಅಂದಿದ್ದಾನೆ. ಬಂದರಿನ ಕುದುರೆ ಲಾಯದಲ್ಲೇ ಮಲಗಿದ್ದೇನೆ. ಕೂತಲ್ಲೇ ಕುದುರೆಗಳಿಗೆ ಹುಲ್ಲಿನ ಮೆಟ್ಟು ಹೆಣೆದುಕೊಟ್ಟು ಅನ್ನ ತಿನ್ನುತ್ತಿದ್ದೇನೆ.

ಊರಿನವರು ಒಪ್ಪಿಸಿದ ಕೆಲಸ ಮಾತ್ರ ಸರಿಯಾಗಿ ಆಯಿತೆಂದು ಎಲ್ಲರಿಗೂ ಹೇಳು. ಅಸಾಮಾ ಬೆಟ್ಟ ಗುಡುಗುವುದು ನಿಲ್ಲಲಿ ಎಂದು ನೂರು ಮನೆಯ ಹೆಸರನ್ನೂ ಹೇಳಿ ಬೇಡಿಕೊಂಡೆ. ಮನೆಗೊಂದು ರಕ್ಷೆ ತಂದಿದ್ದೇನೆ, ಗಂಟು ಕಟ್ಟಿ ತಲೆದಿಂಬು ಮಾಡಿಕೊಂಡಿದ್ದೇನೆ. ಇಸೆಗೆ ಯಾರು ಹೋಗಬೇಕೆಂದು ಎತ್ತಿದ ಚೀಟಿ ನನ್ನ ಹೆಸರಿಗೆ ಬಿದ್ದ ದಿನ ಆ ಇದ್ದಿಲು ಸುಡುವ ಇನೊಸುಕೆ ಏನು ಅಂದಿದ್ದ, ನೆನಪಿದೆಯಾ? "ದೇವಿಗೆ ಬೇರೆ ಯಾರೂ ಸಿಗ್ಲಿಲ್ವಾ? ಈ ಕುದುರೆ ನಾತದವನೇ ಬೇಕಾಯ್ತಾ?" ಅವನ ಮನೆಯ ರಕ್ಷೆ ಗಂಟಿನ ಅಡಿಯಲ್ಲಿದೆ, ಸ್ವಲ್ಪ ಮಡಚಿಹೋಗಿದೆ. ಅದು ಬೇಕೆಂದೇ ಮಾಡಿದ್ದಲ್ಲ ಎಂದೂ ಹೇಳು, ಅವನು ನಂಬುವುದಿಲ್ಲ.

ದಾರಿಯಲ್ಲಿರುವವನಿಗೆಂದು ಇಡುವ ನನ್ನ ಪಾಲಿನ ನೆರಳೂಟ ನಿಲ್ಲಿಸಬೇಡ. ದಿನಾ ನನ್ನ ಬಟ್ಟಲಿಗೆ ಬಡಿಸಿ, ಮುಚ್ಚಳ ಮುಚ್ಚಿ, ನಾನು ಕೂರುವ ಜಾಗದಲ್ಲಿ ಇಡು. ಕಾಲು ಮುರಿದವನಿಗೆ ಬರೀ ನವಣೆ ಗಂಜಿ ಸಾಲದು, ಒಂದು ಚೂರು ಉಪ್ಪಿನ ಮೂಲಂಗಿಯನ್ನೂ ಇಡು. ಆಮೇಲೆ ಅದನ್ನು ತಿನ್ನುವವನು ನಮ್ಮ ಮಗರಾಯ ಯೋಕಿಚಿ ಅನ್ನುವುದು ನನಗೇನು ಗೊತ್ತಿಲ್ಲವೇ.

ಅಮ್ಮನ ಮಾತು ಕೇಳು. ಕುದುರೆ ಕುರೊನ ಹಿಂಗಾಲು ನೋಡಿಕೊ.

ದೂರದಲ್ಲಿ ಕೂತು ಹೆಣೆಯುತ್ತಿರುವ
ಮಾಗೊಜಿ

*

ಮಿನೊಹಾರಾ, ಕನ್ನೊನ್ ಗುಡಿ
ಏಳನೇ ತಿಂಗಳು, ಏಳನೇ ದಿನ, ಸಂಜೆ

ಮಾಗೊಜಿಗೆ. ಸುಯೆ ಹೇಳುತ್ತಿದ್ದಾಳೆ, ನಾನು ಗ್ಯೋಕಾನ್ ಬರೆಯುತ್ತಿದ್ದೇನೆ. "ನಾನು ಅತ್ತಿದ್ದನ್ನ ಬರೀಬೇಡಿ ಸ್ವಾಮಿ" ಎಂದಳು. ಆದ್ದರಿಂದ ಬರೆದಿಲ್ಲ.

ನಿಮ್ಮ ಕಾಗದ ಬಂತು. ಕಾಲಿನ ಸುದ್ದಿ ಕೇಳಿ ಅತ್ತೆಯವರು, "ಕುದುರೆಗೆ ನಾಲ್ಕು ಕಾಲು, ಆದ್ರೂ ಒಂದು ಸಲ ಮುಗ್ಗರಿಸಲ್ವಾ, ಇವನಿಗೆ ಇರೋದು ಎರಡು" ಎಂದರು. ಅಂದುಬಿಟ್ಟು ಒಲೆಯ ಹಿಂದೆ ಹೋಗಿ ತುಂಬ ಹೊತ್ತು ಕೂತಿದ್ದರು.

ಬೆಟ್ಟ ನಿಂತಿಲ್ಲ. ಐದನೇ ತಿಂಗಳಿಗಿಂತ ಈಗ ಜೋರು. ಆದರೆ ಗಾಳಿ ನಮ್ಮ ಕಡೆಗಿಲ್ಲ, ದೇವರ ದಯೆ. ಕಲ್ಲೆಲ್ಲ ಆ ಕಡೆ ಹೆದ್ದಾರಿಯ ಊರುಗಳ ಮೇಲೆ ಬೀಳುತ್ತಿದೆಯಂತೆ, ಅಲ್ಲಿಯವರು ತಲೆಗೆ ಹಾಸಿಗೆ ಕಟ್ಟಿಕೊಂಡು ಓಡುತ್ತಿದ್ದಾರಂತೆ. ನಮ್ಮಲ್ಲಿ ಬರೀ ಬೂದಿ. ಮೊನ್ನೆ ಬೂದಿಯ ಜೊತೆ ಬಿಳಿ ಕೂದಲಿನಂಥದ್ದೂ ಬಿತ್ತು, ಯೋಕಿಚಿ ಒಂದು ಹಿಡಿ ಕೂಡಿಟ್ಟುಕೊಂಡು "ಬೆಟ್ಟದಜ್ಜಿ ತಲೆ ಬಾಚ್ಕೊಂಡಳು" ಎಂದು ಎಲ್ಲರಿಗೂ ತೋರಿಸುತ್ತಿದ್ದಾನೆ. ಅತ್ತೆಯವರಿಗೆ ಹೆದರಿಕೆಯೇ ಇಲ್ಲ. ಹೊಗೆ ಬರುವಷ್ಟು ದಿನ ಬೆಟ್ಟ ಉಸಿರಾಡುತ್ತಿದೆ ಎಂದರ್ಥ, ಉಸಿರು ಕಟ್ಟಿದಾಗ ಹೆದರಬೇಕು ಎನ್ನುತ್ತಾರೆ.

ಇವತ್ತು ನಕ್ಷತ್ರದ ಹಬ್ಬ. ಬಿದಿರಿಗೆ ಬೇಡಿಕೆಯ ಕಾಗದ ಕಟ್ಟಿದೆವು, ಎಲೆಯೆಲ್ಲ ಬೂದು ಬಣ್ಣ. ಯೋಕಿಚಿ ತನ್ನ ಕಾಗದದಲ್ಲಿ "ಅಪ್ಪನ ಕಾಲು" ಎಂದಷ್ಟೇ ಬರೆದ. ಇನ್ನೂ ಏನಾದರೂ ಬರಿ ಎಂದರೆ, ದೇವರಿಗೆ ಅಷ್ಟು ಸಾಕು, ಅರ್ಥ ಆಗುತ್ತೆ ಎಂದ.

ನೆರಳೂಟ ತಪ್ಪಿಸಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಹನಿ. ಹನಿ ಇರುವಷ್ಟು ದಿನ ಪ್ರಯಾಣ ಹೋದವನು ಕ್ಷೇಮ ಎಂದು ಚಿಕ್ಕಂದಿನಿಂದ ಕೇಳಿದ್ದು, ನೋಡಿದರೆ ಮನಸ್ಸು ತಣ್ಣಗಾಗುತ್ತದೆ. ಮೂಲಂಗಿಯನ್ನೂ ಇಡುತ್ತಿದ್ದೇನೆ.

ನಾಳೆ ಗುಡಿಯ ಸೂರಿನ ಬೂದಿ ಗುಡಿಸುವ ಸರದಿ ನಮ್ಮ ಕೇರಿಯ ಹೆಂಗಸರದು. ಬೆಳಕು ಹರಿಯುತ್ತಲೇ ಈ ಕಾಗದ ಉಯೆದಾ ಊರಿನ ಕಡೆ ಹೊರಡುವ ಕುದುರೆಯವನ ಕೈಗೆ ಹೋಗುತ್ತದೆ.

ಬೇಗ ಬನ್ನಿ ಎನ್ನುವುದಿಲ್ಲ. ಸರಿಯಾಗಿ ಬನ್ನಿ.

ನಿಮ್ಮ ಬಟ್ಟಲಿನ ಮುಂದೆ ಕೂತಿರುವ
ಸುಯೆ

*

ಕುವಾನಾ
ಎಂಟನೇ ತಿಂಗಳು, ಇಪ್ಪತ್ತನೇ ದಿನ

ಮಿನೊಹಾರಾದ ಕನ್ನೊನ್ ಗುಡಿಯಲ್ಲಿ ಯಾರಾದರೂ ಉಳಿದಿದ್ದರೆ ಅವರಿಗೆ.

ಸ್ವಾಮಿಗಳೇ, ನೀವು ಇದ್ದೀರಾ? ನಿಮ್ಮ ಹತ್ತಿರ ಅಕ್ಷರ ಕಲಿತ ಮಾಗೊಜಿ ನಾನು.

ಏಳನೇ ತಿಂಗಳ ಎಂಟರಂದು ಇಲ್ಲಿ ಲಾಯದ ಬಾಗಿಲು ಅದುರಿತು. ಸಮುದ್ರದಾಚೆ ಗುಡುಗು ಎಂದರು. ಪಕ್ಕದವನು ಏನೋ ತಮಾಷೆ ಹೇಳುತ್ತಿದ್ದ, ನಾನು ಹೆಣೆಯುತ್ತ ನಗುತ್ತಿದ್ದೆ. ಸುಯೆಯ ಕಾಗದ ಆಮೇಲೆ ಕೈಗೆ ಬಂತು, ಅದನ್ನು ಓದಿಯೂ ನಕ್ಕೆ. ನಿನ್ನೆ ಎದೊ ಕಡೆಯಿಂದ ಬಂದ ಹಡಗಿನವನೊಬ್ಬ, ತೊನೆ ನದಿಯಲ್ಲಿ ಮನೆಯ ತೊಲೆ, ಕುದುರೆ, ಜನ ಎಲ್ಲ ಕಡಲವರೆಗೆ ತೇಲಿಬಂದವು ಎಂದ. ಯಾವ ಊರಿನವರು ಎಂದು ಕೇಳಿದೆ. "ಅಸಾಮಾ ಬೆನ್ನಿನ ಊರುಗಳಂತೆ. ಮಿನೊಹಾರಾ ಅಂತೇನೋ ಒಂದಿತ್ತಂತೆ, ಈಗ ಇಲ್ವಂತೆ." ಅವನು ಗಂಜಿ ಕುಡಿಯುತ್ತ ಹೇಳಿದ.

ಸುಯೆ, ಅಮ್ಮ, ಯೋಕಿಚಿ. ಯಾರಿದ್ದಾರೆ ಅಂತ ಒಂದು ಸಾಲು ಬರೆಯಿರಿ. ಇಲ್ಲವೆಂದರೆ ಇಲ್ಲವೆಂದೇ ಬರೆಯಿರಿ.

ಕಾಲು ಇನ್ನೂ ಸೊಟ್ಟಗಿದೆ, ಆದರೆ ಹೊರಟೆ. ಕಿಸೊ ಕಣಿವೆಯ ದಾರಿಯಲ್ಲಿ ಬರುತ್ತೇನೆ. ಹತ್ತನೇ ತಿಂಗಳ ಹುಣ್ಣಿಮೆಯೊಳಗೆ ಅಲ್ಲಿರುತ್ತೇನೆ. ಕಾಗದವನ್ನು ಯಾವುದೇ ಕುದುರೆಯವನ ಕೈಗೆ ಕೊಟ್ಟರೂ ಕೈಯಿಂದ ಕೈಗೆ ನನ್ನನ್ನು ಹುಡುಕಿಕೊಂಡು ಬರುತ್ತದೆ.

ರಕ್ಷೆಗಳ ಗಂಟು ನನ್ನ ಬೆನ್ನ ಮೇಲೆಯೇ ಇದೆ. ಏನು ಮಾಡಲಿ ಅದನ್ನು?

ಮಾಗೊಜಿ

*

ಮಿನೊಹಾರಾ ಇದ್ದ ಜಾಗ
ಒಂಬತ್ತನೇ ತಿಂಗಳು, ಇಪ್ಪತ್ತೈದನೇ ದಿನ

ಸುಯೆ ಹೇಳುತ್ತಾಳೆ, ಗ್ಯೋಕಾನ್ ಬರೆಯುತ್ತಾನೆ.

ಈ ಕಾಗದ ನಿಮಗೆ ಯಾವ ಊರಿನಲ್ಲಿ ಸಿಗುತ್ತದೋ. ನಾನಿದ್ದೇನೆ. ನಮ್ಮ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.

ಬೆಂಕಿಯಲ್ಲ. ಬೆಂಕಿ ಬರುತ್ತದೆಂದು ಕಾಯುತ್ತಿದ್ದೆವು, ಬಂದದ್ದು ಮಣ್ಣು. ನಾವು ಸೂರಿನ ಮೇಲಿದ್ದೆವು. ಬೆಟ್ಟದ ಕಡೆಯಿಂದ ಏನೋ ಮುರಿದ ಸದ್ದಾಯಿತು, ಆಮೇಲೆ ಕಾಡೇ ಎದ್ದು ನಡೆದು ಬಂದಂತಾಯಿತು. ಕರಿಯ ಮಣ್ಣು, ಅದರೊಳಗೆ ಮನೆ ಗಾತ್ರದ ಬಂಡೆಗಳು, ಬಂಡೆಗಳಿಂದ ಹೊಗೆ. ಐವತ್ತು ಮೆಟ್ಟಿಲಿನ ಈ ಗುಡಿ ದಿಬ್ಬದ ಮೇಲೆ ಇದ್ದದ್ದರಿಂದ ಉಳಿಯಿತು. ಓಡಿ ಮೆಟ್ಟಿಲು ಹತ್ತಿದವರು ಉಳಿದರು. ಈಗ ಮೇಲಿನ ಹದಿನೈದು ಮೆಟ್ಟಿಲು ಕಾಣುತ್ತವೆ, ಉಳಿದವು ಮಣ್ಣಿನೊಳಗೆ.

ಮೊದಲ ಸದ್ದಿಗೇ ನಾನು ಸೂರಿನಿಂದ ಇಳಿದು ಓಡಿ, ಮೆಟ್ಟಿಲ ಬುಡದಲ್ಲಿ ಆಡುತ್ತಿದ್ದ ಯೋಕಿಚಿಯ ಕೈ ಹಿಡಿದು ಹತ್ತಿಸುತ್ತಿದ್ದೆ. ನಾಲ್ಕು ಮೆಟ್ಟಿಲು ಬಾಕಿ ಇರುವಾಗ, "ಕುರೊನ ಹಗ್ಗ ಬಿಚ್ಚಿಲ್ಲ" ಎಂದು ಕೈ ಬಿಡಿಸಿಕೊಂಡು ಕೆಳಗೆ ಓಡಿದ.

(ಇಲ್ಲಿ ಅವಳು ಎದ್ದು ಮೆಟ್ಟಿಲವರೆಗೆ ಹೋಗಿ ಬಂದಳು. ಆಮೇಲೆ "ಮುಂದೆ ಬರೀರಿ" ಎಂದಳು.)

ಅತ್ತೆಯವರು ಮನೆಯಲ್ಲಿದ್ದರು.

ಐನೂರಕ್ಕೂ ಮಿಕ್ಕಿದ್ದ ಊರಿನಲ್ಲಿ ನೂರು ಜನವೂ ಉಳಿದಿಲ್ಲ ಈಗ. ಪಕ್ಕದ ಊರಿನ ಪಟೇಲ ಹಾನ್‌ಬೇ ಅವರು ಉದ್ದನೆಯ ಎರಡು ಗುಡಿಸಲು ಹಾಕಿಸಿಕೊಟ್ಟರು. ದಿನವೂ ಗಂಜಿ ಅವರ ಊರಿನಿಂದ ಬರುತ್ತದೆ. ಹೋದ ತಿಂಗಳು ಎಲ್ಲರನ್ನೂ ಕೂರಿಸಿ ಅವರು ಹೇಳಿದ್ದು ಇದು: "ಇನ್ಮೇಲೆ ನೀವು ಯಾರೂ ದೊಡ್ಡವರಲ್ಲ, ಚಿಕ್ಕವರಲ್ಲ. ಉಳಿದೋರೆಲ್ಲ ಒಂದೇ ರಕ್ತ ಅಂದ್ಕೊಳ್ಳಿ. ಗಂಡ ಹೋದೋಳಿಗೆ ಹೆಂಡ್ತಿ ಹೋದೋನು, ಮಕ್ಕಳು ಹೋದೋರಿಗೆ ಅಪ್ಪ ಅಮ್ಮ ಹೋದ ಮಕ್ಕಳು. ಹೀಗೆ ಮನೆ ಕಟ್ಟಿದ್ರೆ ಊರು ಉಳಿಯುತ್ತೆ. ಇಲ್ದಿದ್ರೆ ಈ ಚಳಿಗಾಲ ಒಬ್ಬೊಬ್ಬರೇ ಕೂತು ಸಾಯ್ತೀರಿ." ಎಲ್ಲರೂ ತಲೆಯಾಡಿಸಿದರು. ಬೇಡವೆನ್ನುವ ಶಕ್ತಿಯೂ ಇರಲಿಲ್ಲ.

ನನಗೆ ಟಮಿಯನ್ನು ಕೊಟ್ಟಿದ್ದಾರೆ. ಕೊಡ ಮಾಡುವ ಸಾಕುಜಿಯ ಕೊನೆಯ ಮಗಳು, ಐದು ವರ್ಷ. ಯಾರೋ ಅವಳನ್ನು ಮೆಟ್ಟಿಲ ಮೇಲೆ ಎಸೆದು ಹೋಗಿದ್ದರು. ಅವತ್ತಿನಿಂದ ಒಂದು ಮಾತೂ ಆಡಿಲ್ಲ. ಗಂಡನ ಮಾತು ಬಂದಾಗ ನಾನು, ನನ್ನ ಗಂಡ ದಾರಿಯಲ್ಲಿದ್ದಾರೆ ಎಂದೆ. ಪಟೇಲರು ಒಪ್ಪಿದರು. ಹುಣ್ಣಿಮೆಯವರೆಗೆ ನೋಡೋಣ ಎಂದರು.

ಹೊಸ ಬಾವಿ ತೋಡುತ್ತಿದ್ದೇವೆ. ಬಂಡೆಗಳ ಒಳಗೆ ಇನ್ನೂ ಕಾವಿದೆ, ಪಕ್ಕದಲ್ಲಿ ಕೂತರೆ ಬೆನ್ನು ಬೆಚ್ಚಗಾಗುತ್ತದೆ. ಗುಡಿ ದಿಬ್ಬದ ಪಕ್ಕ, ಮಣ್ಣು ಬಾರದ ಕಡೆ ತೋಡುವಾಗ ಮೊದಲು ಕರಿ ಮಣ್ಣು ಸಿಕ್ಕಿತು. ಅದರ ಕೆಳಗೆ ಒಂದು ಮೊಳ ಬಿಳಿ ಜೊಳ್ಳು ಕಲ್ಲು, ಬೆಟ್ಟ ಉಗುಳುವಂಥದ್ದು. ಅದರ ಕೆಳಗೆ ಮತ್ತೆ ಕರಿ ಮಣ್ಣು, ಅದರಲ್ಲಿ ಹೊಲದ ಸಾಲು. ನೇಗಿಲು ಹೊಡೆದಂತೆ ಸಾಲುಸಾಲಾಗಿ, ಪಕ್ಕದಲ್ಲಿ ಸುಟ್ಟ ಒಲೆಯ ಕಲ್ಲು. ಎಲ್ಲರೂ ಗುದ್ದಲಿ ಬಿಟ್ಟು ನಿಂತೆವು. ಬೆಟ್ಟ ಆರುನೂರು ಏಳುನೂರು ವರ್ಷದ ಹಿಂದೆಯೂ ಹೀಗೆ ಉರಿದಿತ್ತು ಎಂದು ಹಳೆಯ ಕಾಗದಗಳಲ್ಲಿ ಇದೆಯೆಂದು ಸ್ವಾಮಿಗಳು ಹೇಳಿದರು. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ಇಲ್ಲಿ ಮನೆ ಕಟ್ಟಿದರೇ? ಅಥವಾ ಹೇಳುವವರೂ ಉಳಿಯದೆ ಹೊಸಬರು ಬಂದರೇ? ನನಗೆ ಅವತ್ತೆಲ್ಲ ಆ ಒಲೆಯದೇ ಯೋಚನೆ. ಅದರ ಮುಂದೆ ಕೂತವಳು ಯಾರಿಗಾಗಿ ಕಾಯುತ್ತಿದ್ದಳೋ.

ನಿಮ್ಮ ಬಟ್ಟಲು ಹೋಯಿತು. ಗುಡಿಯ ಒಂದು ಬಟ್ಟಲು ಬೇಡಿ ತಂದು ನೆರಳೂಟ ಇಡುತ್ತಿದ್ದೇನೆ.

ಹುಣ್ಣಿಮೆಯೊಳಗೆ ಬನ್ನಿ.

ಸುಯೆ

*

ಓಯಿವಾಕೆ ಊರು, ಬೆಟ್ಟದ ದಕ್ಷಿಣ ಮಗ್ಗುಲು
ಟೆನ್‌ಮೇ ನಾಲ್ಕನೇ ವರ್ಷ, ಎರಡನೇ ತಿಂಗಳು, ಮೂರನೇ ದಿನ

ಸುಯೆ,

ಸ್ವಾಮಿಗಳು ಇದನ್ನು ಒಂದಕ್ಷರ ಬಿಡದೆ ಓದಲಿ. ಮೆತ್ತಗೆ ಮಾಡಿ ಓದುವುದು ಬೇಡ.

ಶಿಯೊಜಿರಿಯಲ್ಲಿ ನಿನ್ನ ಕಾಗದ ಸಿಕ್ಕಿದ್ದು ಹನ್ನೊಂದನೇ ತಿಂಗಳಲ್ಲಿ. ಅಲ್ಲಿಯವರೆಗೆ ಕಿಸೊ ಕಣಿವೆಯ ಒಂದು ಕೊಟ್ಟಿಗೆಯಲ್ಲಿ ಜ್ವರದಲ್ಲಿ ಬಿದ್ದಿದ್ದೆ. ಆ ದಾರಿಯಲ್ಲಿ ಬೆಳೆಯಿಲ್ಲ, ಜನ ಮರದ ತೊಗಟೆ ಬೇಯಿಸುತ್ತಿದ್ದಾರೆ, ಮಗ್ಗುಲಲ್ಲಿ ಮಲಗಿದವನು ಬೆಳಿಗ್ಗೆ ಏಳುವುದಿಲ್ಲ. ಎದ್ದು ಕೂತ ದಿನವೇ ಒಬ್ಬ ಉಪ್ಪಿನವನ ಕೈಯಲ್ಲಿ ನಿನಗೆ ಬಾಯಿಮಾತು ಕಳಿಸಿದೆ, "ಬರ್ತಿದೀನಿ, ಕಾಯಿ" ಎಂದು. ಅವನು ಬರಲೇ ಇಲ್ಲವಂತೆ. ಆಮೇಲೆ ಹಿಮ. ನಿನ್ನ ಕಾಗದವನ್ನು ಎದೆಯೊಳಗೆ ಇಟ್ಟುಕೊಂಡು ಹಿಮ ಕರಗುವುದನ್ನು ನೋಡುತ್ತ ಕೂತೆ. ಯೋಕಿಚಿ ಕೈ ಬಿಡಿಸಿಕೊಂಡ ಸಾಲನ್ನು ಎಷ್ಟು ಸಲ ಓದಿದೆನೋ. ಆ ಕುದುರೆಯ ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು ಹಾಕುವುದನ್ನು ಅವನಿಗೆ ಕಲಿಸಿದವನೇ ನಾನು. ಒಂದೇ ಎಳೆತ, ಓಡಿ ಬರಬಹುದು ಎಂದುಕೊಂಡಿರಬೇಕು ಮಗ.

ನಿನ್ನೆ ಇಲ್ಲಿ ತಲುಪಿದೆ. ಇನ್ನು ಒಂದು ದಿನದ ದಾರಿ. ಲಾಯದಲ್ಲಿ ನಮ್ಮ ಕಡೆಯ ಕುದುರೆಯವನೊಬ್ಬ ಸಿಕ್ಕ. ನನ್ನನ್ನು ನೋಡಿ ಅವನು ಹಿಂದಕ್ಕೆ ಹೆಜ್ಜೆ ಇಟ್ಟ. "ನೀನು ಸತ್ತಿದೀಯಲ್ಲೋ! ನಿನ್ನ ಹೆಂಡ್ತಿನ ಹನ್ನೆರಡನೇ ತಿಂಗಳಲ್ಲೇ ಇನೊಸುಕೆಗೆ ಕೊಟ್ರಲ್ಲ!"

ಇನೊಸುಕೆಗೆ! ಕುದುರೆಯ ಹಿಂಗಾಲು ಕೂಡ ನಂಬದ ಆ ಇದ್ದಿಲು ಮುಖದವನಿಗೆ!

ಹುಣ್ಣಿಮೆ ದಾಟಿತು, ಒಪ್ಪಿದೆ. ಹುಣ್ಣಿಮೆ ಅಂದರೆ ನನ್ನ ತಿಥಿಯೇನು? ಎರಡು ತಿಂಗಳು ಕಾಯಲಾಗಲಿಲ್ಲವೇ? ಹನ್ನೊಂದು ವರ್ಷ ಒಂದೇ ಒಲೆಯಲ್ಲಿ ಉಂಡೆವಲ್ಲ. ನಾನು ಸತ್ತೆ ಎಂದು ನಿನಗೆ ಯಾರು ಹೇಳಿದರು?

ಪಟೇಲರಿಗೂ ಬರೆದಿದ್ದೇನೆ. ನೀನು ನನ್ನ ಹೆಂಡತಿ. ಆ ಮಗುವನ್ನೂ ಕರೆದುಕೊಂಡು ಬಾ, ನಾನು ಸಾಕುತ್ತೇನೆ. ಇಲ್ಲಿ ಲಾಯದಲ್ಲಿ ಕೆಲಸ ಇದೆ, ಒಂದು ಕೋಣೆ ಇದೆ. ನಾನು ಆ ಊರಿಗೆ ಕಾಲಿಡುವುದಿಲ್ಲ. ನೀನು ಬಾ.

ಮಾಗೊಜಿ

*

ಮಿನೊಹಾರಾ
ಎರಡನೇ ತಿಂಗಳು, ಹನ್ನೆರಡನೇ ದಿನ

ನಿಮಗೆ,

ಸ್ವಾಮಿಗಳು ಒಂದಕ್ಷರ ಬಿಡದೆ ಓದಿದರು. ಎರಡು ಸಲ ಓದಿಸಿಕೊಂಡೆ. ಮೊದಲ ಸಲ ನೀವು ಬದುಕಿದ್ದೀರಿ ಎನ್ನುವುದು ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಗುಡಿಯ ಅಂಗಳದಲ್ಲಿ ಕೂತು ಜೋರಾಗಿ ಅತ್ತೆ, ಈ ಸಲ ಬರೆಯಿರಿ ಸ್ವಾಮಿ. ಆ ಏಳನೇ ತಿಂಗಳ ಎಂಟರಿಂದ ಅವತ್ತಿನವರೆಗೆ ನಾನು ಅತ್ತಿರಲಿಲ್ಲ.

ಯಾರು ಹೇಳಿದರು ಎಂದು ಕೇಳಿದಿರಿ. ಮುಚ್ಚಳ ಹೇಳಿತು.

ಹುಣ್ಣಿಮೆ ದಾಟಿದ ಮೇಲೂ ನಾನು ಒಪ್ಪಲಿಲ್ಲ. ಹತ್ತನೇ ತಿಂಗಳಲ್ಲಿ ಏಳು ಮದುವೆಗಳಾದವು, ನಾನು ಗುಡಿಸಲಿನ ಹಿಂದೆ ನೆರಳೂಟ ಇಟ್ಟುಕೊಂಡು ಕೂತಿದ್ದೆ. ಆದರೆ ಚಳಿ ಶುರುವಾದ ದಿನದಿಂದ ಮುಚ್ಚಳ ತೆಗೆದರೆ ಒಳಗೆ ಒಣ. ಇವತ್ತು ಒಣ, ನಾಳೆ ಒಣ. ಕಿಸೊ ದಾರಿಯಲ್ಲಿ ಜನ ಸಾಯುತ್ತಿದ್ದಾರೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಒಂದು ತಿಂಗಳು ನೋಡಿದೆ. ಒಂದು ಹನಿಯೂ ಇಲ್ಲ. ಬಟ್ಟಲು ತೊಳೆದು ಗುಡಿಗೆ ವಾಪಸು ಕೊಟ್ಟೆ. ಸ್ವಾಮಿಗಳು ನಿಮ್ಮ ಹೆಸರಿಗೆ ಮಂತ್ರ ಹೇಳಿದರು. ಆಮೇಲೆ, ಯಾರಾದರೇನು ಎಂದು ಪಟೇಲರಿಗೆ ಹೇಳಿದೆ.

ಹೊಸ ವರ್ಷಕ್ಕೆ ಇನೊಸುಕೆಯವರು ನಮ್ಮ ಗುಡಿಸಲಿನಲ್ಲಿ ಸ್ವಂತ ಒಲೆ ಹಾಕಿದರು. ಮೊದಲ ದಿನ ನನ್ನ ಒಲೆಯಲ್ಲಿ ಬೆಂದ ಗಂಜಿಯನ್ನು ಒಂದು ಬಟ್ಟಲಿಗೆ ಹಾಕಿ, ಸೌದೆಗೆ ಹೋದವರು ಬಂದು ಉಣ್ಣಲೆಂದು ಮುಚ್ಚಿಟ್ಟೆ. ತೆಗೆದರೆ ಮುಚ್ಚಳದ ತುಂಬ ಹನಿ, ಟಪಟಪ ಎಂದು ಬಿದ್ದವು. ಆಗ ಹೊಳೆಯಿತು. ಆ ಚಳಿಯಲ್ಲೆಲ್ಲ ಗಂಜಿ ಬರುತ್ತಿದ್ದದ್ದು ಪಕ್ಕದ ಊರಿನಿಂದ, ಹೊತ್ತು ತರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ತಣ್ಣನೆ ಗಂಜಿಗೆ ಹನಿ ಎಲ್ಲಿಂದ ಬರಬೇಕು? ಮನೆಯಲ್ಲಿದ್ದಾಗ ಯಾವತ್ತೂ ಬಿಸಿಯೇ ಬಡಿಸಿದ್ದು, ಯಾವತ್ತೂ ಹನಿ ಇತ್ತು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲಿಲ್ಲ. ಸ್ವಾಮಿಗಳ ತಲೆಗೂ ಹೋಗಲಿಲ್ಲ. (ಹೋಗಲಿಲ್ಲ. — ಗ್ಯೋಕಾನ್.) ನೀವು ಬದುಕಿರಬಹುದು ಎಂದು ಅವತ್ತೇ ಅನ್ನಿಸಿತು, ಯಾರಿಗೂ ಹೇಳಲಿಲ್ಲ. ತಿಂಗಳು ಕಳೆದ ಮೇಲೆ ನಿಮ್ಮ ಕಾಗದ ಬಂತು.

ಪಟೇಲರು ಬಂದಿದ್ದರು. "ಮೊದ್ಲನೇ ಗಂಡ ಬದುಕಿದಾನೆ ಅಂದ್ಮೇಲೆ ಈ ಮದುವೆ ಲೆಕ್ಕಕ್ಕೆ ಬರಲ್ಲ. ಹೋಗ್ತೀನಿ ಅಂದ್ರೆ ನಾನೇ ಕಳಿಸ್ಕೊಡ್ತೀನಿ. ನಿನ್ನ ಇಷ್ಟ ಹೇಳು" ಎಂದರು. ಇನೊಸುಕೆಯವರು ಹೊರಗೆ ಸೌದೆ ಒಡೆಯುತ್ತಿದ್ದರು. ಒಳಗೆ ಬಂದು ಕೇಳಿದ್ದು ಒಂದೇ: "ಅವನ ಕಾಲು ಸರಿಯಾಯ್ತಂತಾ?" ಆಮೇಲೆ, "ಅವನ ಹೆಂಡ್ತಿನ ನಾನು ಕದ್ದಿಲ್ಲ, ಹಂಗಂತ ಇಟ್ಕೊಳ್ಳೋನೂ ಅಲ್ಲ. ಹೋಗು" ಎಂದು ಮತ್ತೆ ಕೊಡಲಿ ಹಿಡಿದು ಹೋದರು. ಅವರಿಗೂ ಹೆಂಡತಿ ಇದ್ದಳು, ಮೂರು ಮಕ್ಕಳಿದ್ದರು. ನೀವು ಅವರನ್ನು ಬೈದದ್ದು ಓದುವಾಗ ಅವರೂ ಅಲ್ಲೇ ಇದ್ದರು. "ಹಿಂಗಾಲಿನ ಮಾತು ನಿಜ, ಕುರೊ ನನಗೆ ಎರಡು ಸಲ ಒದ್ದಿತ್ತು" ಎಂದರು.

ಮಗುವನ್ನೂ ಕರೆದುಕೊಂಡು ಬಾ ಎಂದಿರಿ. ಟಮಿ ಆರು ತಿಂಗಳು ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಒಲೆ ಮುಂದೆ ಕೂತವಳು, "ಅಪ್ಪ, ಬೆಂಕಿ ಕೆಟ್ಟೋಗ್ತಿದೆ" ಎಂದಳು. ಇನೊಸುಕೆಯವರಿಗೆ. ಅವರು ಊದುಕೊಳವೆ ಎತ್ತಿಕೊಂಡು ಊದಿದರು, ಊದುತ್ತಲೇ ಇದ್ದರು, ಬೆಂಕಿ ಹತ್ತಿದ ಮೇಲೂ ಮುಖ ಎತ್ತಲಿಲ್ಲ. ಆಮೇಲೆ ನನ್ನನ್ನು ಅಮ್ಮ ಎಂದಳು. ನಮ್ಮಿಬ್ಬರ ನಡುವೆ ಮಲಗುತ್ತಾಳೆ, ಒಂದು ಕೈಯಲ್ಲಿ ನನ್ನ ಕಿವಿ, ಇನ್ನೊಂದು ಕೈಯಲ್ಲಿ ಅವರ ಕಿವಿ. ನಿದ್ದೆಯಲ್ಲೂ ಬಿಡುವುದಿಲ್ಲ.

ಅವಳನ್ನು ಕರೆತಂದರೆ ಅಪ್ಪನನ್ನು ಬಿಡಿಸಬೇಕು. ಬಿಟ್ಟು ಬಂದರೆ ಅಮ್ಮನನ್ನು ಬಿಡಿಸಬೇಕು. ಒಂದು ಸಲ ಅವಳಿಗೆ ಅದನ್ನು ಮಾಡಿದ್ದು ಬೆಟ್ಟ. ಬೆಟ್ಟ ಮಾಡಿದ್ದನ್ನು ನಾನು ಮಾಡಲಾರೆ.

ನಿಮ್ಮ ಮೇಲೆ ನನಗೆ ಆಸೆ ಹೋಗಿಲ್ಲ. ಇದನ್ನು ಸ್ವಾಮಿಗಳ ಕೈಯಲ್ಲಿ ಬರೆಸುವುದಕ್ಕೆ ನಾಚಿಕೆಯಿದೆ, ಆದರೂ ಬರೆಯಿರಿ ಸ್ವಾಮಿ. ದಾರಿಯಲ್ಲಿ ಕುದುರೆಯ ಗೆಜ್ಜೆ ಕೇಳಿದರೆ ಇವತ್ತಿಗೂ ಎದ್ದು ನಿಲ್ಲುತ್ತೇನೆ. ಆದರೂ ನಾನು ಬರುವುದಿಲ್ಲ. ನನ್ನನ್ನು ಬೈಯಿರಿ. ಕರೆಯಬೇಡಿ. ಇನ್ನೊಂದು ಸಲ ಕರೆದರೆ ಬಂದುಬಿಡುತ್ತೇನೇನೋ ಎಂದು ಹೆದರಿಕೆ.

ಸುಯೆ

*

ಕೊಮೊರೊ
ಐದನೇ ತಿಂಗಳು, ಇಪ್ಪತ್ತೊಂದನೇ ದಿನ

ಸುಯೆ,

ಮೂರು ತಿಂಗಳು ಬರೆಯಲಿಲ್ಲ. ಬರೆದದ್ದನ್ನೆಲ್ಲ ಒಲೆಗೆ ಹಾಕಿದೆ. ಅವುಗಳಲ್ಲಿ ಏನಿತ್ತು ಎಂದು ಕೇಳಬೇಡ, ನಿನ್ನನ್ನು ಕರೆದದ್ದೂ ಇತ್ತು, ಬೈದದ್ದೂ ಇತ್ತು. ಒಂದು ಸಲ ಅರ್ಧ ದಾರಿ ಬಂದು ತಿರುಗಿ ಹೋದೆ.

ಈಗ ಓಯಿವಾಕೆಯಿಂದ ಕೊಮೊರೊಗೆ ಹೇರು ಹೊಡೆಯುತ್ತೇನೆ. ಈ ಕಡೆಯಿಂದ ನಮ್ಮ ಬೆಟ್ಟವನ್ನು ನೀನು ನೋಡಿಲ್ಲ. ನಮ್ಮ ಊರಿನಿಂದ ಅದು ಒಂದೇ ಗುಡ್ಡ, ಬೋರಲು ಹಾಕಿದ ಗಡಿಗೆಯ ಹಾಗೆ. ಇಲ್ಲಿಂದ ನೋಡಿದರೆ ಎರಡು. ಮುಂದೆ ಒಂದು ದೊಡ್ಡ ಹಳೆಯ ಗೋಡೆ, ಅರ್ಧ ಮುರಿದು ಬಿದ್ದದ್ದು, ಕಡಿದಾದ ಕಪ್ಪು ಬಂಡೆ. ಅದೇ ಮೊದಲಿನ ಬೆಟ್ಟವಂತೆ. ಅದು ಯಾವ ಕಾಲದಲ್ಲೋ ಒಡೆದು ಕುಸಿಯಿತು, ಆ ಕುಸಿದ ಜಾಗದ ಮಗ್ಗುಲಲ್ಲೇ ಈಗಿನ ಬೆಟ್ಟ ಎದ್ದಿತು ಎನ್ನುತ್ತಾರೆ ಇಲ್ಲಿನ ಮುದುಕರು. ಹೊಗೆ ಬರುವುದು ಹೊಸದರಿಂದ. ಹಳೆಯದು ಸುಮ್ಮನೆ ನಿಂತಿದೆ, ಅದರ ಮೇಲೆ ಸೂಜಿ ಎಲೆಯ ಮರ ಬೆಳೆದಿದೆ. ಹೇರು ಇಳಿಸಿ ಲಾಯದ ಬಾಗಿಲಲ್ಲಿ ಕೂತು ದಿನಾ ನೋಡುತ್ತೇನೆ. ಮೊದಮೊದಲು ಆ ಹೊಸ ಗುಡ್ಡಕ್ಕೆ ಕಲ್ಲು ಬೀರಿ ಉಗಿಯುತ್ತಿದ್ದೆ. ಈಗ ಉಗಿಯುವುದಿಲ್ಲ. ಅದಕ್ಕೆ ನಾವು ಗೊತ್ತೇ ಇಲ್ಲ, ಸುಯೆ. ನನ್ನ ಪ್ರಾರ್ಥನೆಯೂ ಗೊತ್ತಿಲ್ಲ, ಯೋಕಿಚಿಯೂ ಗೊತ್ತಿಲ್ಲ. ಹಿಂದೆ ಆ ಒಲೆಯ ಮುಂದೆ ಕೂತವಳೂ ಗೊತ್ತಿರಲಿಲ್ಲ.

ಮುಚ್ಚಳ ನೋಡಿ ಗಂಡನನ್ನು ಸಾಯಿಸಿದೆ ಎಂದು ಮೊದಲು ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ: ಆ ಹಸಿವಿನಲ್ಲಿ, ಆ ಗಂಜಿಯಲ್ಲಿ ನನಗೊಂದು ಪಾಲು ತೆಗೆದಿಟ್ಟಳಲ್ಲ. ಒಂದು ತಿಂಗಳು ಒಣ ಮುಚ್ಚಳ ನೋಡಿಯೂ ಮಾರನೇ ದಿನ ಮತ್ತೆ ಇಟ್ಟಳಲ್ಲ.

ಏಳನೇ ತಿಂಗಳ ಎಂಟಕ್ಕೆ ವರ್ಷವಾಗುತ್ತದೆ. ರಕ್ಷೆಗಳು ಇನ್ನೂ ನನ್ನ ಹತ್ತಿರವೇ ಇವೆ, ಅವು ಊರಿನವು. ತಂದುಕೊಡುತ್ತೇನೆ. ಈಗ ಎಷ್ಟು ಮನೆಗಳಿವೆ ಎಂದು ಸ್ವಾಮಿಗಳು ಬರೆದು ತಿಳಿಸಲಿ. ಕರೆಯಲು ಬರುತ್ತಿಲ್ಲ, ಹೆದರಬೇಡ.

ಮಾಗೊಜಿ

*

ಓಯಿವಾಕೆ
ಏಳನೇ ತಿಂಗಳು, ಹನ್ನೊಂದನೇ ದಿನ

ಗ್ಯೋಕಾನ್ ಸ್ವಾಮಿಗಳಿಗೆ,

ಹೇಳದೆ ಹೊರಟುಬಿಟ್ಟೆ, ಕ್ಷಮಿಸಿ. ನಿಮ್ಮೆದುರು ನಿಂತರೆ ಅಳು ಬರುತ್ತಿತ್ತು.

ನಾನು ಬೇಗ ತಲುಪಿದ್ದೆ. ಮೆಟ್ಟಿಲ ಹತ್ತಿರ ಒಂದು ಹೆಣ್ಣುಮಗು ನೀರಿನ ಗಡಿಗೆ ಇಟ್ಟುಕೊಂಡು ಬಂದವರಿಗೆಲ್ಲ ಕೊಡುತ್ತಿತ್ತು. ನನ್ನ ಕಾಲು ನೋಡಿ, "ಕುಂಟ್ತೀಯಲ್ಲ, ಮೊದ್ಲು ನೀನು ಕುಡಿ" ಎಂದಿತು. ಎಲ್ಲಿಂದ ಬಂದೆ ಎಂದು ಕೇಳಿತು. ಇಸೆಯಿಂದ ಎಂದೆ. "ಅಷ್ಟು ದೂರದಿಂದಾನಾ? ಹಂಗಾರೆ ನಮ್ಮನೆಗೆ ಬಾ. ನಮ್ಮಮ್ಮ ಯಾರೋ ದಾರೀಲಿರೋರಿಗೆ ದಿನಾ ಊಟ ಇಡ್ತಾಳೆ. ಅದನ್ನ ನೀನೇ ಉಣ್ಣು." ನಾನು ನೀರು ಕುಡಿದು ಬಟ್ಟಲು ವಾಪಸು ಕೊಟ್ಟೆ. ಮತ್ತೆ ಇಡುತ್ತಿದ್ದಾಳೆ ಎಂದು ನನಗೆ ಯಾರೂ ಬರೆದಿರಲಿಲ್ಲ.

ರಕ್ಷೆ ಹಂಚುವಾಗ ನೀವು ನೋಡಿದಿರಿ. ಇನೊಸುಕೆಯ ಮನೆಯ ಮುಂದೆ ನಿಂತಾಗ ಅವನ ಹಳೆಯ ರಕ್ಷೆ, ಆ ಮಡಚಿಹೋದದ್ದೇ ಕೈಗೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಣೆಗೆ ಒತ್ತಿಕೊಂಡು, "ಬೇಕಂತಲೇ ಮಡಿಸಿದೀಯ" ಎಂದ. ಹೌದು ಎಂದೆ. ಇಬ್ಬರೂ ನಗಲು ನೋಡಿದೆವು, ಆಗಲಿಲ್ಲ. "ಒಳಗೆ ಬಾ, ಕೂತ್ಕೋ" ಎಂದ. ಕೂರಲಿಲ್ಲ. ಅವಳು ಬಾಗಿಲಲ್ಲಿ ನಿಂತಿದ್ದಳು. ಕೂದಲಿಗೆ ನೆರೆ ಬಂದಿದೆ. "ಹೊಸ ಕುದುರೆ ಹೇಗಿದೆ?" ಎಂದು ಕೇಳಿದಳು. "ಹೇರು ಹಾಕಿದ್ರೆ ಮೊಂಡು ಹಿಡಿಯುತ್ತೆ" ಎಂದೆ. "ನಿಧಾನಕ್ಕೆ ಸರಿ ಹೋಗುತ್ತೆ" ಎಂದಳು. ನಮ್ಮ ಮಾತು ಅಷ್ಟೇ.

ನನ್ನ ಮನೆಯ ರಕ್ಷೆಯನ್ನು ಆ ಮಗುವಿನ ಕೈಗೆ ಕೊಟ್ಟೆ. ಉಳಿದವನ್ನೆಲ್ಲ, ಆ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿ, ಮಣ್ಣಿನಿಂದ ಕಾಣುವ ಕೊನೆಯ ಮೆಟ್ಟಿಲ ಬುಡದಲ್ಲಿ ಹೂತೆ. ಕೆಳಗೆ ಮೂವತ್ತೈದು ಮೆಟ್ಟಿಲುಗಳಿವೆ. ಯೋಕಿಚಿ ಎಷ್ಟನೆಯದರಲ್ಲಿದ್ದಾನೋ.

ಬೆನ್ನು ಖಾಲಿಯಾಗಿದೆ. ನಡೆಯಲು ಇನ್ನೂ ಅಭ್ಯಾಸವಾಗಿಲ್ಲ.

ನಿಮ್ಮ ಶಿಷ್ಯ
ಮಾಗೊಜಿ

*

ಮಿನೊಹಾರಾ
ಹತ್ತನೇ ತಿಂಗಳು, ಹುಣ್ಣಿಮೆ

ನಿಮಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಸ್ವಾಮಿಗಳ ಹತ್ತಿರ ಟಮಿಯ ಜೊತೆ ಕೂತು ಕಲಿತೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗೆ.

ಬಂಡೆಗಳು ತಣ್ಣಗಾದವು. ನವಣೆ ಸ್ವಲ್ಪ ಬಂತು. ಬಟ್ಟಲು ಇನೊಸುಕೆಯವರೇ ಮರ ಕೆತ್ತಿ ಮಾಡಿದ್ದು, ಮುಚ್ಚಳವೂ. "ತಣ್ಣಗೆ ಬಡಿಸ್ಬೇಡ, ಅವನು ಮೊದ್ಲೇ ಸಿಡುಕ" ಎನ್ನುತ್ತಾರೆ.

ನೆರಳೂಟ ತಿಂದು ಮುಗಿಸುವವಳು ಟಮಿ. ಹನಿ ಹೇಳಿದ್ದು ಸುಳ್ಳೆಂದು ನನಗೆ ಗೊತ್ತು. ಅವಳಿಗೆ ಹೇಳಿಲ್ಲ. ದಿನಾ ಅವಳೇ ಮುಚ್ಚಳ ತೆಗೆದು ನೋಡಿ ನನಗೆ ಹೇಳುತ್ತಾಳೆ.

ಇವತ್ತೂ ಇತ್ತು.

ಸುಯೆ